ಬೆಳಕಿನ ತಟ್ಟೆಯ ಆಯುಷ್ಯ

(ಬಾನುಲಿ ಭಾಷಣ)



ಗ್ರಾಮಫೋನಿನ ಕಾಲದಲ್ಲಿ ನಮ್ಮ ಹಿರಿಯರು ಹಾಡಿನ ತಟ್ಟೆಯನ್ನು 'ಪ್ಲೇಟು' ಎಂದು ಕರೆಯುತ್ತಿದ್ದರು. ಗ್ರಂಥಸ್ಥ ಭಾಷೆಯಲ್ಲಿ ಅದು 'ಧ್ವನಿಮುದ್ರಿಕೆ'ಯಾಯಿತು. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ಹೊರತಂದ, ಹನ್ನೆರಡು ಸೆಂಟಿಮೀಟರ್ ಅಗಲದ ಹೊಳೆಯುವ ಬಿಲ್ಲೆಗೂ ಅಡಕಮುದ್ರಿಕೆ, ಸಾಂದ್ರಮುದ್ರಿಕೆ ಎಂಬ ಹೆಸರುಗಳನ್ನು ನಮ್ಮವರು ಟಂಕಿಸಿದರು. ಆದರೆ ಜನರ ಬಾಯಲ್ಲಿ ನಿಂತದ್ದು 'ಸಿ.ಡಿ.' ಎಂಬ ಎರಡಕ್ಷರವೇ. ಅದರ ಹಿಂದೆಯೇ ಬಂದ ತಮ್ಮನಿಗೆ 'ಡಿ.ವಿ.ಡಿ.' ಎಂದೆವು. ಇವುಗಳನ್ನೆಲ್ಲ ಒಟ್ಟಿಗೆ ಹೇಳಬೇಕಾದಾಗ ನಾನು 'ತಟ್ಟೆ' ಎಂಬ ಹಳೆಯ ಮಾತನ್ನೇ ಬಳಸುತ್ತೇನೆ. ಹಿಂದಿನ ತಟ್ಟೆಯನ್ನು ಓದುತ್ತಿದ್ದದ್ದು ಮುಳ್ಳು. ಇದನ್ನು ಓದುವುದು ಬೆಳಕು. ವ್ಯತ್ಯಾಸ ಅಷ್ಟೆ.

ಈ ತಟ್ಟೆಗಳ ಕಾಲ ಈಗ ಬಹುಮಟ್ಟಿಗೆ ಮುಗಿದಿದೆ. ಹಾಡು ಕೇಳುವುದಕ್ಕಾಗಲಿ ಚಲನಚಿತ್ರ ನೋಡುವುದಕ್ಕಾಗಲಿ ಅವನ್ನು ಹುಡುಕಿಕೊಂಡು ಹೋಗುವವರು ವಿರಳ. ಹೊಲಗಳಲ್ಲಿ ಹಕ್ಕಿ ಬೆದರಿಸಲೆಂದು ದಾರಕ್ಕೆ ಕಟ್ಟಿ ತೂಗಬಿಟ್ಟ ಸಿ.ಡಿ.ಗಳನ್ನು ನೀವೂ ಕಂಡಿರಬಹುದು. ಹಾಗಿರುವಾಗ ಅವುಗಳ ಸಂರಕ್ಷಣೆಯ ಮಾತು ಏಕೆ ಎಂದು ಕೇಳಿದರೆ ಅದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಕೊನೆಯ ಒಂದೆರಡು ವರ್ಷಗಳಿಂದ ಮೊದಲುಗೊಂಡು ಸುಮಾರು 2010ರವರೆಗೆ ನಮ್ಮ ಮನೆಗಳೂ ಸಂಘಸಂಸ್ಥೆಗಳೂ ಪುಸ್ತಕಭಂಡಾರಗಳೂ ತಮ್ಮಲ್ಲಿದ್ದ ಹಳೆಯ ಧ್ವನಿ-ಚಿತ್ರಗಳನ್ನು ಈ ತಟ್ಟೆಗಳಿಗೆ ಏರಿಸಿದವು. ಮದುವೆ, ಉಪನಯನಗಳ ವಿಡಿಯೋ, ತೀರಿಹೋದ ಅಜ್ಜಿಯ ಸೋಬಾನೆ, ಮಳೆಗಾಲದ ಒಂದು ರಾತ್ರಿಯ ತಾಳಮದ್ದಳೆ, ಊರಿನ ಸಾಹಿತ್ಯ ಸಂಘದಲ್ಲಿ ದೊಡ್ಡವರೊಬ್ಬರು ಮಾಡಿದ ಭಾಷಣ, ಹೀಗೆ. ಏರಿಸಿದ ಮೇಲೆ ಮೂಲದ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಟೇಪು ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ತಟ್ಟೆಯಾದರೋ ಶಾಶ್ವತ ಎಂಬ ನಂಬಿಕೆ ಆಗ ಎಲ್ಲರಲ್ಲೂ ಇತ್ತು. ಅದರ ಫಲವಾಗಿ, ಎಷ್ಟೋ ಧ್ವನಿಗಳಿಗೆ ಲೋಕದಲ್ಲಿ ಉಳಿದಿರುವ ಏಕೈಕ ನೆಲೆ ಬೀರುವಿನ ಮೂಲೆಯಲ್ಲಿ ಬಿದ್ದಿರುವ ಒಂದು ಬಿಲ್ಲೆ. ಅದರ ಆಯುಷ್ಯದ ವಿಚಾರ ಈ ಹೊತ್ತಿನ ಮಾತು.

ಮೊದಲು ಅದರ ಒಡಲನ್ನು ಸ್ವಲ್ಪ ಬಿಡಿಸಿ ನೋಡೋಣ. ಸಿ.ಡಿ.ಯ ದಪ್ಪ 1.2 ಮಿಲಿಮೀಟರು. ಈ ದಪ್ಪದ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಅದರ ಮೇಲುಮೈಯಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿದ ಒಂದು ಜಾಡು. ಆ ಜಾಡಿನುದ್ದಕ್ಕೂ ಕಣ್ಣಿಗೆ ಕಾಣದ ಕುಳಿಗಳು. ಸುರುಳಿಯ ಒಂದು ಸುತ್ತಿಗೂ ಮತ್ತೊಂದಕ್ಕೂ ಇರುವ ಅಂತರ 1.6 ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಭಾಗಕ್ಕಿಂತ ತುಸು ಹೆಚ್ಚು. ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಸುತ್ತುಗಳು ಹಿಡಿಸುತ್ತವೆ. ಸುರುಳಿಯನ್ನು ಬಿಚ್ಚಿ ನೇರವಾಗಿ ಎಳೆದರೆ ಅದರ ಉದ್ದ ಐದು ಕಿಲೋಮೀಟರಿಗೂ ಮಿಕ್ಕುತ್ತದೆ. ಈ ಕುಳಿಗಳ ಮೇಲೆ ಅಲ್ಯೂಮಿನಿಯಂನ ತೆಳುವಾದ ಲೇಪ. ಕೆಳಗಿನಿಂದ ಬಂದ ಲೇಸರ್ ಕಿರಣ ಪ್ಲಾಸ್ಟಿಕ್ಕನ್ನು ಹಾದು ಈ ಲೇಪಕ್ಕೆ ತಾಗಿ ಹಿಂದಿರುಗುತ್ತದೆ; ಕುಳಿ ಇದ್ದಲ್ಲಿ ಒಂದು ಬಗೆ, ಇಲ್ಲದಲ್ಲಿ ಇನ್ನೊಂದು ಬಗೆ. ಹಾಡೆಂದರೆ ಇಷ್ಟೇ. ಲೋಹದ ಲೇಪಕ್ಕೆ ಹೊದಿಕೆಯಾಗಿ ಮೇಲೊಂದು ಅರಗಿನಂಥ ಲೇಪ, ಅದರ ಮೇಲೆ ಹೆಸರು ಚಿತ್ರಗಳ ಮುದ್ರಣ.

ಇಲ್ಲಿಯೇ ನಮ್ಮ ಮೊದಲನೆಯ ತಪ್ಪು ತಿಳಿವಳಿಕೆ ಇರುವುದು. ಹೊಳೆಯುವ ಮೈ ನಾಜೂಕಾದದ್ದು, ಹೆಸರು ಅಚ್ಚಾಗಿರುವ ಮೈ ಗಟ್ಟಿಯಾದದ್ದು ಎಂದು ನಾವು ಭಾವಿಸುತ್ತೇವೆ. ತಟ್ಟೆಯನ್ನು ಮೇಜಿನ ಮೇಲಿಡುವಾಗ ಹೊಳೆಯುವ ಮೈಯನ್ನು ಮೇಲುಮಾಡಿ, ಹೆಸರಿನ ಮೈಯನ್ನು ನೆಲಕ್ಕೆ ಉಜ್ಜುತ್ತೇವೆ. ವಾಸ್ತವ ಇದಕ್ಕೆ ವಿರುದ್ಧ. ಹೊಳೆಯುವ ಮೈಗೆ ಒಂದು ಮಿಲಿಮೀಟರಿಗೂ ಮೀರಿದ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ. ಅಲ್ಲಿ ಬಿದ್ದ ಧೂಳನ್ನಾಗಲಿ ಸಣ್ಣ ಗೀರನ್ನಾಗಲಿ ಕಿರಣ ಗಮನಿಸುವುದೇ ಇಲ್ಲ. ಏಕೆಂದರೆ ಆ ಮಟ್ಟದಲ್ಲಿ ಕಿರಣ ಸುಮಾರು ಮುಕ್ಕಾಲು ಮಿಲಿಮೀಟರು ಹರಡಿರುತ್ತದೆ, ಒಳಗೆ ಹೋದ ಮೇಲೆಯೇ ಬಿಂದುವಾಗಿ ಕೂಡುವುದು. ಹೆಸರಿನ ಮೈಯಲ್ಲಾದರೋ ಲೋಹಕ್ಕೂ ಹೊರಗಿನ ಗಾಳಿಗೂ ನಡುವೆ ಇರುವುದು ಮಿಲಿಮೀಟರಿನ ನೂರರಲ್ಲೊಂದು ಭಾಗದ ಆಸುಪಾಸಿನ ಲೇಪ. ನಮ್ಮ ಮನೆಯ ಕನ್ನಡಿಯನ್ನು ನೆನೆದುಕೊಳ್ಳಿ. ಮುಂಭಾಗದ ಗಾಜಿನ ಮೇಲೆ ಗೀರು ಬಿದ್ದರೆ ಮುಖ ಕಾಣುತ್ತದೆ. ಬೆನ್ನಿನ ರಸ ಕೆರೆದುಹೋದರೆ ಆ ಭಾಗ ಕುರುಡು. ಸಿ.ಡಿ.ಯೂ ಒಂದು ಕನ್ನಡಿಯೇ, ಅದರ ಜೀವ ಬೆನ್ನಿನಲ್ಲಿದೆ. ಡಿ.ವಿ.ಡಿ.ಯ ರಚನೆ ಬೇರೆ: ತಲಾ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿನಿಂದ ಕೂಡಿಸಿ, ನಡುವೆ ಲೇಪವನ್ನು ಹುದುಗಿಸಿರುತ್ತಾರೆ. ಅದರ ಬೆನ್ನು ಭದ್ರ, ಆದರೆ ಅಂಚಿನಲ್ಲಿ ಅಂಟು ಬಿಟ್ಟರೆ ಗಾಳಿ ತೇವಗಳು ಒಳನುಗ್ಗುತ್ತವೆ. ಪೆಟ್ಟಿಗೆಯಿಂದ ಎತ್ತುವಾಗ ಬಿಲ್ಲಿನಂತೆ ಬಾಗಿಸುವ ಅಭ್ಯಾಸ ಡಿ.ವಿ.ಡಿ.ಗೆ ವಿಶೇಷವಾಗಿ ಮಾರಕವಾಗುವುದು ಇದರಿಂದ.

ಇನ್ನೊಂದು ಭೇದವನ್ನು ಒತ್ತಿ ಹೇಳಬೇಕು. ಅಂಗಡಿಯಲ್ಲಿ ಕೊಂಡ ಹಾಡಿನ ಸಿ.ಡಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು, ಅದರ ಕುಳಿಗಳು ನಿಜವಾದ ಕುಳಿಗಳು. ನಾವು ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ಬರೆಸಿದ ಸಿ.ಡಿ.ಯಲ್ಲಿ ಕುಳಿಗಳಿಲ್ಲ, ಬಣ್ಣದ ಒಂದು ಪದರವಿದೆ, ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಬಣ್ಣವೆಂದಮೇಲೆ ಬಿಸಿಲಿಗೆ ಮಾಸುವುದು ಅದರ ಸ್ವಭಾವ. ಕಿಟಕಿಯ ಬಳಿ ತಿಂಗಳುಗಟ್ಟಲೆ ಬಿದ್ದ ಅಚ್ಚಿನ ಸಿ.ಡಿ.ಗೆ ಬೆಳಕಿನಿಂದ ಹೆಚ್ಚೇನೂ ಆಗುವುದಿಲ್ಲ, ಬರೆಸಿದ ಸಿ.ಡಿ. ಅಲ್ಲಿ ಕೆಡುತ್ತದೆ. ಮೇಲಿನ ಲೋಹ ಬೆಳ್ಳಿಯಾದರೆ ಗಂಧಕದ ಸೋಂಕಿಗೆ ಕಪ್ಪಿಡುತ್ತದೆ, ಹಬ್ಬದ ದಿನ ಹೊರತೆಗೆದ ಬೆಳ್ಳಿಯ ಪಂಚಪಾತ್ರೆಯ ಹಾಗೆ. ಚಿನ್ನವಾದರೆ ಕಪ್ಪಿಡುವುದಿಲ್ಲ. ಥಾಲೊಸಯನಿನ್ ಎಂಬ ಬಣ್ಣಕ್ಕೆ ಚಿನ್ನದ ಲೇಪ ಕೂಡಿದ ತಟ್ಟೆಗಳು ದೀರ್ಘಾಯುಗಳೆಂದು ಹೆಸರಾದದ್ದು ಈ ಕಾರಣದಿಂದ. ಅಳಿಸಿ ಮತ್ತೆ ಬರೆಯಬಲ್ಲ ತಟ್ಟೆಗಳನ್ನು ಮಾತ್ರ ಸಂರಕ್ಷಣೆಯ ಪ್ರಸಂಗದಲ್ಲಿ ಎಣಿಸಲೇಬಾರದು. ನಮ್ಮ ದುರ್ದೈವವೆಂದರೆ, ಕಾರ್ಖಾನೆಯ ತಟ್ಟೆಗಳಲ್ಲಿರುವ ಹಾಡುಗಳ ಪ್ರತಿಗಳು ಸಾವಿರಾರು ಇರುತ್ತವೆ. ನಮ್ಮ ಅಜ್ಜಿಯ ಧ್ವನಿ ಇರುವುದು ಬಣ್ಣದ ಪದರದ ಒಂದೇ ತಟ್ಟೆಯಲ್ಲಿ.

ನಿವೃತ್ತ ಉಪಾಧ್ಯಾಯರೊಬ್ಬರು ನನಗೆ ಪರಿಚಿತರು. ಅವರ ತಾಯಿ ಬೀಸುವ ಪದ, ಕುಟ್ಟುವ ಪದಗಳನ್ನು ಬಲ್ಲವರಾಗಿದ್ದರು. 1987ರಲ್ಲಿ ಮೇಷ್ಟರು ಆ ತಾಯಿಯನ್ನು ಒಲಿಸಿ, ಅಡುಗೆಮನೆಯಲ್ಲಿಯೇ ಟೇಪ್‌ರೆಕಾರ್ಡರ್ ಇಟ್ಟು ಹನ್ನೆರಡು ಪದಗಳನ್ನು ಹಾಡಿಸಿಕೊಂಡಿದ್ದರು. ನಡುನಡುವೆ ಒಗ್ಗರಣೆಯ ಸದ್ದು ಇದೆಯೆಂದು ಅವರೇ ಹೇಳಿ ನಗುತ್ತಿದ್ದರು. 2004ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಸಿ.ಡಿ.ಗೆ ಏರಿಸಿದರು. ಅಂಗಡಿಯವನು ಮೇಲೆ ತಾಯಿಯ ಭಾವಚಿತ್ರವಿರುವ ಗುಂಡನೆಯ ಕಾಗದವನ್ನು ಅಂದವಾಗಿ ಅಂಟಿಸಿಕೊಟ್ಟ. ಕ್ಯಾಸೆಟ್ಟು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಹದಿನೇಳು ವರ್ಷಗಳ ಮೇಲೆ, 2021ರಲ್ಲಿ, ಮೊಮ್ಮಗಳಿಗೆ ಕೇಳಿಸಲೆಂದು ಹಾಕಿದರೆ ಯಂತ್ರ ಸ್ವಲ್ಪ ಹೊತ್ತು ಗಿರಕಿ ಹೊಡೆದು ಸುಮ್ಮನಾಯಿತು. ಇನ್ನೊಂದು ಯಂತ್ರ, ಮತ್ತೊಂದು ಯಂತ್ರವೆಂದು ಹುಡುಕಿ ಪ್ರಯತ್ನಿಸಿದ ಮೇಲೆ ಒಂಬತ್ತು ಪದಗಳು ಸಿಕ್ಕವು. ಕೊನೆಯ ಮೂರು ಸಿಗಲಿಲ್ಲ.

ಕೊನೆಯವೇ ಏಕೆ ಹೋದವು ಎಂಬುದನ್ನು ವಿವರಿಸಬಹುದು. ಸಿ.ಡಿ.ಯಲ್ಲಿ ಬರಹ ನಡುವಿನಿಂದ ಹೊರಕ್ಕೆ ಸಾಗುತ್ತದೆ. ಆದ್ದರಿಂದ ಕೊನೆಯ ಹಾಡುಗಳು ಅಂಚಿಗೆ ಹತ್ತಿರ. ಕೈತಾಗುವುದು, ತೇವ ಏರುವುದು, ಪದರ ಬಿಡುವುದು ಎಲ್ಲ ಮೊದಲಾಗುವುದು ಅಂಚಿನಲ್ಲಿ. ಅಂಟಿಸಿದ ಕಾಗದ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಅದರ ಎಳೆತಕ್ಕೆ ಕೆಳಗಿನ ತೆಳುಲೇಪ ಸಡಿಲುತ್ತದೆ. ಅಂಟಿನ ರಾಸಾಯನಿಕಗಳೂ ತಮ್ಮ ಕೆಲಸ ಮಾಡುತ್ತವೆ. ಹಾಗೆಂದು ಕಾಗದವನ್ನು ಕೀಳಲು ಹೋಗಬಾರದು, ಲೋಹವೂ ಅದರೊಡನೆ ಸುಲಿದು ಬರುತ್ತದೆ. ಕಾಗದ ಅಂಟಿಸಿದ ತಟ್ಟೆ ನಿಮ್ಮಲ್ಲಿದ್ದರೆ ಅದನ್ನು ಮುಟ್ಟದೆ, ಒಳಗಿರುವುದನ್ನು ಬೇಗ ಬೇರೆಡೆಗೆ ಇಳಿಸಿಕೊಳ್ಳುವುದೊಂದೇ ಮಾರ್ಗ.

ತಟ್ಟೆ ಕೆಡುತ್ತಿರುವುದು ಆ ಹದಿನೇಳು ವರ್ಷಗಳಲ್ಲಿ ಏಕೆ ತಿಳಿಯಲಿಲ್ಲ? ಹಳೆಯ ಗ್ರಾಮಫೋನು ಪ್ಲೇಟು ಸವೆದಂತೆ ಕರಕರ ಎನ್ನುತ್ತಿತ್ತು. ಕ್ಯಾಸೆಟ್ಟಿನ ಧ್ವನಿ ಮಂಕಾಗುತ್ತಿತ್ತು. ತನಗೆ ಮುಪ್ಪು ಬಂದಿದೆಯೆಂದು ಅವು ಕೂಗಿ ಹೇಳುತ್ತಿದ್ದವು. ಬೆಳಕಿನ ತಟ್ಟೆ ತನ್ನ ರೋಗವನ್ನು ಮುಚ್ಚಿಡುತ್ತದೆ. ಇದರ ಹಿಂದೆ ಒಂದು ಗಣಿತವಿದೆ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲೊಮನ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರು ರೂಪಿಸಿದ ಸಂಕೇತಪದ್ಧತಿಯ ಆಧಾರದ ಮೇಲೆ, ಪ್ರತಿಯೊಂದು ತುಣುಕಿನೊಡನೆಯೂ ಅದನ್ನು ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳನ್ನು ಬರೆದಿರುತ್ತಾರೆ. ತುಣುಕುಗಳನ್ನು ಒಂದೆಡೆ ಇಡದೆ ಚದುರಿಸಿರುತ್ತಾರೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ. ಗ್ರಂಥಸಂಪಾದಕನಿಗೆ ಹುಳು ತಿಂದ ಓಲೆಯಲ್ಲಿ ಪದ್ಯದ ಒಂದಕ್ಷರ ಕಾಣದೆ ಹೋದರೆ ಅವನು ಕಂಗೆಡುವುದಿಲ್ಲ. ಗಣದ ಲೆಕ್ಕ ಅಲ್ಲಿ ಗುರು ಬೇಕೋ ಲಘು ಬೇಕೋ ಹೇಳುತ್ತದೆ. ಎರಡನೆಯ ಅಕ್ಷರವಾದರೆ ಪ್ರಾಸವೇ ಅದನ್ನು ತೋರಿಸಿಕೊಡುತ್ತದೆ. ಛಂದಸ್ಸು ಪದ್ಯದ ಅಲಂಕಾರ ಮಾತ್ರವಲ್ಲ, ಅದರ ಕಾವಲೂ ಹೌದು. ಸಿ.ಡಿ.ಯೊಳಗಿನ ಗಣಿತ ಮಾಡುವುದೂ ಇದನ್ನೇ. ಸುರುಳಿಯ ಉದ್ದಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಬರಹ ಪೂರ್ತಿ ಅಳಿದಿದ್ದರೂ ಅದನ್ನು ಲೋಪವಿಲ್ಲದೆ ಕಟ್ಟಿಕೊಡಬಲ್ಲದು. ಆದರೆ ಓಲೆಯ ಅರ್ಧವನ್ನೇ ಗೆದ್ದಲು ತಿಂದರೆ ಛಂದಸ್ಸಿನಿಂದ ಏನೂ ಆಗದು. ತಿದ್ದುವ ಶಕ್ತಿ ಇರುವವರೆಗೆ ಧ್ವನಿ ನಿರ್ಮಲ, ಅದು ಮೀರಿದ ದಿನ ಏಕಾಏಕಿ ಮೌನ. ಹಾಡಿನ ತಟ್ಟೆ ಓಡುವಾಗ ಸೆಕೆಂಡಿಗೆ 7350 ತುಣುಕುಗಳು ಓದಿಗೆ ಬರುತ್ತವೆ. ಅವುಗಳಲ್ಲಿ ದೋಷವಿರುವ ತುಣುಕುಗಳು ಸರಾಸರಿ 220ನ್ನು ಮೀರಬಾರದೆಂದು ತಯಾರಿಕೆಯ ನಿಯಮ. ಈ ದೋಷಗಳನ್ನು ಎಣಿಸಿ ತೋರಿಸುವ ತಂತ್ರಾಂಶಗಳಿವೆ, ಕೆಲವು ಜಾತಿಯ ಯಂತ್ರಗಳಲ್ಲಿ ಅವು ಕೆಲಸ ಮಾಡುತ್ತವೆ. ಕಿವಿಗೆ ಕೇಳಿಸದ ಕಾಯಿಲೆಯನ್ನು ಕಂಡುಹಿಡಿಯಲು ಇರುವ ನಾಡಿಪರೀಕ್ಷೆ ಇದು. ದೊಡ್ಡ ಸಂಗ್ರಹವಿರುವ ಸಂಸ್ಥೆಗಳು ಇದನ್ನು ನಡೆಸಲೇಬೇಕು.

ಕಾರ್ಖಾನೆಯ ತಟ್ಟೆಗಳೂ ಅಮರವಲ್ಲವೆಂಬುದಕ್ಕೆ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಬ್ಲ್ಯಾಕ್‌ಬರ್ನ್ ಊರಿನ ಉದಾಹರಣೆ ಪ್ರಸಿದ್ಧವಾಗಿದೆ. ಅಲ್ಲಿನ ಪಿ.ಡಿ.ಒ. ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಅನೇಕ ಸಿ.ಡಿ.ಗಳು ಕೆಲವೇ ವರ್ಷಗಳಲ್ಲಿ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗತೊಡಗಿದವು. ಬಳಸಿದ ಮೇಲುಲೇಪಕ್ಕೆ ಕಾಗದದ ಹೊದಿಕೆಯಲ್ಲಿದ್ದ ಗಂಧಕವನ್ನು ತಡೆಯುವ ಶಕ್ತಿ ಇರಲಿಲ್ಲ. ಇನ್ನೊಂದು ವಿಚಿತ್ರವನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿ ಹಾವಿಯೆರ್ ಗಾರ್ಸಿಯಾ ಗಿನೆಯಾ ಮತ್ತು ಸಂಗಡಿಗರು ವರದಿಮಾಡಿದರು. ಮಧ್ಯ ಅಮೆರಿಕದ ಬೆಲೀಜ್ ಎಂಬ ಬಿಸಿಯೂ ತೇವವೂ ಕೂಡಿದ ದೇಶದಿಂದ ಬಂದ ಒಂದು ಸಿ.ಡಿ.ಯನ್ನು ಬೂಷ್ಟು ಹೊರ ಅಂಚಿನಿಂದ ಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಲೇಪವನ್ನೂ ತಿಂದುಹಾಕಿತ್ತು. ಇದು ದಿನನಿತ್ಯ ನಡೆಯುವಂಥದಲ್ಲ. ಆದರೂ ಆಷಾಢದಲ್ಲಿ ಚಪ್ಪಲಿ, ಕೈಚೀಲ, ಪುಸ್ತಕದ ರಟ್ಟುಗಳ ಮೇಲೆ ಬಿಳಿಯ ಬೂಷ್ಟು ಕಾಣುವ ಕರಾವಳಿ ಮಲೆನಾಡುಗಳ ಶ್ರೋತೃಗಳು ಇದನ್ನು ಕೇಳಿ ಬೀರುವಿನ ಕಡೆ ಒಮ್ಮೆ ನೋಡಿದರೆ ನಾನು ಆಕ್ಷೇಪಿಸುವುದಿಲ್ಲ.

ಇನ್ನು ಇಡುವ ಕ್ರಮ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಗ್ರಂಥಪಾಲಕರಿಗೂ ದಾಖಲೆಪಾಲಕರಿಗೂ ಒಂದು ಕೈಪಿಡಿಯನ್ನು ಹೊರತಂದಿತು. ಅದರಲ್ಲಿ ಹೇಳಿರುವ ಉಷ್ಣತೆ 4ರಿಂದ 20 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ನೂರಕ್ಕೆ 20ರಿಂದ 50. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಕಲಬುರಗಿಗಳಲ್ಲಿ, ಮಳೆಗಾಲದಲ್ಲಿ ತೇವ ತೊಂಬತ್ತಕ್ಕೆ ಏರುವ ಮಂಗಳೂರಿನಲ್ಲಿ ಈ ಅಂಕಿಗಳನ್ನು ಓದಿದರೆ ನಗು ಬರುತ್ತದೆ. ಆದರೆ ಕೈಪಿಡಿಯ ಆಶಯವನ್ನು ಗ್ರಹಿಸಿದರೆ ಸಾಕು: ತಂಪು, ಒಣಗಾಳಿ, ಕತ್ತಲೆ, ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ, ಏರಿಳಿತವಿಲ್ಲದ ಸ್ಥಿತಿ. ತಾರಸಿಯ ಕೆಳಗಿನ ಅಟ್ಟ, ಹೊರಗೋಡೆಗೆ ತಾಗಿದ ಗೂಡು, ಟೀವಿಯ ನೆತ್ತಿ, ಕಾರಿನ ಮುಂಗಿಟಕಿಯ ಕೆಳಭಾಗ, ಇವು ನಾವು ಸಾಮಾನ್ಯವಾಗಿ ತಟ್ಟೆ ಇಡುವ ಜಾಗಗಳು. ಇವೇ ಅತ್ಯಂತ ಕೆಟ್ಟ ಜಾಗಗಳು. ನಡುಮನೆಯ ಬೀರುವಿನ ಕೆಳಗಿನ ಖಾನೆ ಇವೆಲ್ಲಕ್ಕಿಂತ ಮೇಲು. ತಂಪೆಂದು ರೆಫ್ರಿಜರೇಟರಿನಲ್ಲಿಡುವ ಜಾಣತನ ಬೇಡ, ಹೊರತೆಗೆದ ಕೂಡಲೆ ಅದರ ಮೇಲೆ ನೀರಿನ ಹನಿಗಟ್ಟುತ್ತದೆ. ಗಾಳಿಯಾಡದ ಡಬ್ಬಿಯೊಳಗೆ ಔಷಧದ ಸೀಸೆಗಳಲ್ಲಿ ಬರುವಂಥ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬದಲಾಯಿಸಿದರೆ ತೇವದ ಬಾಧೆ ಎಷ್ಟೋ ಕಡಿಮೆಯಾಗುತ್ತದೆ. ರೇಷ್ಮೆ ಸೀರೆಗಳ ನಡುವೆ ಇಡುವ ನುಸಿಗುಳಿಗೆಯನ್ನು ಮಾತ್ರ ಇಲ್ಲಿ ಇಡಕೂಡದು. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ.

ತಟ್ಟೆಗಳನ್ನು ಪುಸ್ತಕಗಳಂತೆ ನಿಲ್ಲಿಸಿ ಇಡಬೇಕು, ದೋಸೆಗಳಂತೆ ಒಂದರ ಮೇಲೊಂದು ಪೇರಿಸಬಾರದು. ವರ್ಷಗಟ್ಟಲೆ ಮಲಗಿದ ತಟ್ಟೆ ಬಾಗುತ್ತದೆ. ಒಂದೊಂದಕ್ಕೂ ಗಟ್ಟಿಯಾದ ಪೆಟ್ಟಿಗೆ ಬೇರೆ ಬೇರೆ ಇರಬೇಕು. ನೂರು ತಟ್ಟೆಗಳನ್ನು ತುರುಕುವ ಮೆತ್ತನೆಯ ಚೀಲಗಳು ಸಾಗಿಸಲು ಅನುಕೂಲವೇ ಹೊರತು ಉಳಿಸಲು ಅಲ್ಲ. ಹಿಡಿಯುವಾಗ ಅಂಚಿಗೆ ಮತ್ತು ನಡುವಿನ ರಂಧ್ರಕ್ಕೆ ಮಾತ್ರ ಬೆರಳು. ಹೆಸರು ಬರೆಯಲೇಬೇಕಾದರೆ ನಡುವಿನ ಪಾರದರ್ಶಕ ಬಳೆಯ ಮೇಲೆ, ಸ್ಪಿರಿಟ್ಟಿನ ವಾಸನೆಯಿಲ್ಲದ, ನೀರಿನಲ್ಲಿ ಕದಡಿದ ಶಾಯಿಯ ಮೆತ್ತನೆಯ ಮೊನೆಯ ಪೆನ್ನಿನಿಂದ ಬರೆಯಬಹುದು. ಬಾಲ್‌ಪೆನ್ನಿನ ಮೊನೆ ಬೆನ್ನಿನ ಲೇಪವನ್ನು ಸೀಳುತ್ತದೆ. ಒರೆಸಬೇಕಾದಾಗ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ, ಗಾಡಿಯ ಗಾಲಿಯ ಅರೆಗಳಂತೆ ನೇರವಾಗಿ ಒರೆಸಬೇಕು. ನಾವು ಊಟದ ತಟ್ಟೆಯನ್ನು ಒರೆಸುವಂತೆ ಸುತ್ತಲೂ ಒರೆಸಿದರೆ, ಆಗಬಹುದಾದ ಗೀರು ಬರಹದ ಜಾಡಿನುದ್ದಕ್ಕೂ ಹರಿದು, ಗಣಿತದ ತಿದ್ದುಪಡಿಗೂ ಸಿಗದಷ್ಟು ಉದ್ದದ ಗಾಯವಾಗುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದರೂ ಒಂದು ಗಂಡಾಂತರ ಉಳಿಯುತ್ತದೆ, ಅದು ತಟ್ಟೆಯಲ್ಲಿಲ್ಲ. 1086ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ ತನ್ನ ರಾಜ್ಯದ ಭೂಮಿಕಾಣಿಗಳ ಸಮೀಕ್ಷೆ ಮಾಡಿಸಿ ಚರ್ಮಪತ್ರದ ಮೇಲೆ ಬರೆಸಿದ. 'ಡೂಮ್ಸ್‌ಡೇ ಪುಸ್ತಕ'ವೆಂದು ಅದು ಖ್ಯಾತವಾಗಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆ ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ದೇಶವನ್ನು ನಾಲ್ಕು ಕಿಲೋಮೀಟರ್ ಅಗಲ ಮೂರು ಕಿಲೋಮೀಟರ್ ಉದ್ದದ ಚೌಕಗಳಾಗಿ ವಿಂಗಡಿಸಿ, ಶಾಲೆಯ ಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ವಿವರಗಳನ್ನೂ ಚಿತ್ರಗಳನ್ನೂ ಕೂಡಿಸಿದರು. ಇದೆಲ್ಲವನ್ನೂ ಮೂವತ್ತು ಸೆಂಟಿಮೀಟರ್ ಅಗಲದ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಓದಲು ವಿಶೇಷವಾದ ಫಿಲಿಪ್ಸ್ ಯಂತ್ರವೂ ಏಕಾರ್ನ್ ಕಂಪೆನಿಯ ಗಣಕವೂ ಬೇಕಾಗಿದ್ದವು. ಜೊತೆಯ ಬೆಲೆ ಸುಮಾರು 5,000 ಪೌಂಡು. ವಿವರ ಕೂಡಿಸಿದ ಶಾಲೆಗಳಲ್ಲಿ ಎಷ್ಟೋ ಶಾಲೆಗಳಿಗೆ ಅದನ್ನು ಕೊಳ್ಳುವ ಶಕ್ತಿಯೇ ಇರಲಿಲ್ಲ.

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಯಂತ್ರಗಳು ಕಣ್ಮರೆಯಾದವು. ತಟ್ಟೆಗಳಿದ್ದವು, ಓದುವ ಸಾಧನವಿರಲಿಲ್ಲ. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಗಣಕದ ನಡವಳಿಕೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ತಂತ್ರಾಂಶ ಬರೆದು ಅದಕ್ಕೆ ಮರುಜೀವ ಕೊಟ್ಟರು. 2011ರಲ್ಲಿ ಬಿ.ಬಿ.ಸಿ. ಅದರ ಒಂದು ಭಾಗವನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ವಿಲಿಯಂ ದೊರೆಯ ಚರ್ಮಪತ್ರದ ಪುಸ್ತಕವಾದರೋ ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇಂದಿಗೂ ಓದಲು ಸಿಗುತ್ತದೆ. ಲ್ಯಾಟಿನ್ ಬಲ್ಲ ಓದುಗನೊಬ್ಬ ಬೇಕು, ಅಷ್ಟೆ.

ನಮ್ಮ ತಟ್ಟೆಗಳೂ ಇದೇ ದಾರಿಯಲ್ಲಿವೆ. ಹೊಸ ಗಣಕಗಳಲ್ಲಿ ತಟ್ಟೆ ಹಾಕುವ ಬಾಯಿ ಕಾಣೆಯಾಗಿ ವರ್ಷಗಳೇ ಆದವು. ಒಳ್ಳೆಯ ಖಾಲಿ ತಟ್ಟೆಗಳಿಗೆ ಹೆಸರಾಗಿದ್ದ ಜಪಾನಿನ ತಾಯೊ ಯೂಡೆನ್ ಸಂಸ್ಥೆ 2015ರಲ್ಲಿ ಆ ಉದ್ಯಮವನ್ನು ಬಿಟ್ಟಿತು. ಸಿ.ಡಿ.ಯ ಹೆತ್ತವರಲ್ಲಿ ಒಂದಾದ ಸೋನಿ ಸಂಸ್ಥೆಯೇ 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ಸಾವಿರ ವರ್ಷ ಬಾಳುತ್ತದೆಂಬ ಘೋಷಣೆಯೊಡನೆ ಬಂದ, ಕಲ್ಲಿನಂಥ ಪದರದ ಎಂ-ಡಿಸ್ಕ್ ಎಂಬ ತಟ್ಟೆಯೂ ಇದೆ. ಅದನ್ನು ಕಂಡುಹಿಡಿದ ಕಂಪೆನಿ 2016ರಲ್ಲಿ ದಿವಾಳಿಯಾಯಿತು. ಪದರ ಗಟ್ಟಿಯಾಗಿಯೇ ಇರಬಹುದು, ಆದರೆ ಸಾವಿರ ವರ್ಷಗಳ ಮೇಲೆ ಅದನ್ನು ಹಾಕಿ ಓದುವ ಯಂತ್ರವನ್ನು ಯಾರು ಮಾಡಿಕೊಡುತ್ತಾರೆ?

ಆದ್ದರಿಂದ ತಟ್ಟೆಯ ಜೋಪಾನ ನಮಗೆ ಸ್ವಲ್ಪ ಕಾಲಾವಕಾಶವನ್ನು ಮಾತ್ರ ಕೊಡುತ್ತದೆ. ಆ ಅವಕಾಶದಲ್ಲಿ ಮಾಡಬೇಕಾದ ಕೆಲಸ ಪ್ರತಿಮಾಡುವುದು. ಕನ್ನಡಿಗರಾದ ನಮಗೆ ಇದನ್ನು ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದಳು. ಅದನ್ನು ನಾವು ದಾನವೆಂದು ಹೊಗಳುತ್ತ ಬಂದಿದ್ದೇವೆ, ದಾನವೇ ಸರಿ. ಆದರೆ ನನಗೆ ಅದರಲ್ಲಿ ಒಬ್ಬ ದಾಖಲೆಪಾಲಕಿಯ ಮುಂದಾಲೋಚನೆಯೂ ಕಾಣುತ್ತದೆ. ಒಂದು ಓಲೆಕಟ್ಟು ಬೆಂಕಿಗೆ ಸಿಕ್ಕೀತು, ಇನ್ನೊಂದನ್ನು ಗೆದ್ದಲು ತಿಂದೀತು, ಮತ್ತೊಂದು ಹೊಳೆಯ ಪಾಲಾದೀತು. ಸಾವಿರವೂ ಒಟ್ಟಿಗೆ ಹೋಗುವಂತಿಲ್ಲ. ಪೊನ್ನನ ಕಾವ್ಯ ನಮ್ಮ ಕೈಯಲ್ಲಿದೆ. ಇದಕ್ಕೆ ಪ್ರತಿಯಾದ ಉದಾಹರಣೆ ಮೂಡಬಿದಿರೆಯ ಧವಳ ಗ್ರಂಥಗಳದು. ಹಳಗನ್ನಡ ಲಿಪಿಯ ಆ ಪ್ರಾಕೃತ ಗ್ರಂಥಗಳು ಶತಮಾನಗಳ ಕಾಲ ಆ ಒಂದೇ ಊರಿನ ಬಸದಿಯಲ್ಲಿ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವುಗಳ ನಕಲು ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಓಲೆಗಳು ಉಳಿದದ್ದು ಬಸದಿಯವರ ಶ್ರದ್ಧೆಯಿಂದ. ಆದರೂ ಆ ಒಂದು ಕಟ್ಟಡಕ್ಕೆ ಒಂದು ರಾತ್ರಿ ಬೆಂಕಿ ಬಿದ್ದಿದ್ದರೆ ಎಂಬ ಯೋಚನೆ ಬಂದರೆ ಮೈ ನಡುಗುತ್ತದೆ.

ಲಿಪಿಕಾರರಿಗಿಂತ ನಮಗೆ ಒಂದು ಅನುಕೂಲ ಹೆಚ್ಚು. ಅವರ ಪ್ರತಿಯಲ್ಲಿ ಕೈತಪ್ಪು ನುಸುಳುತ್ತಿತ್ತು, ಪ್ರತಿಯಿಂದ ಪ್ರತಿಗೆ ತಪ್ಪು ಬೆಳೆಯುತ್ತಿತ್ತು. ಅಂಕಿಗಳ ಪ್ರತಿಯಲ್ಲಿ ಮೂಲಕ್ಕೂ ನಕಲಿಗೂ ಕೂದಲೆಳೆಯ ವ್ಯತ್ಯಾಸವಿರಬೇಕಾಗಿಲ್ಲ. ಎರಡನ್ನೂ ತಾಳೆ ನೋಡಿ ಹೇಳುವ ತಂತ್ರಾಂಶಗಳು ಸುಲಭವಾಗಿ ಸಿಗುತ್ತವೆ. ಹೀಗಾಗಿ ನಿಮ್ಮ ತಟ್ಟೆಯಲ್ಲಿರುವುದನ್ನು ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಅದರ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿರಲಿ. ಊರಿನ ಸಂಗ್ರಹಕ್ಕೆ ಸಲ್ಲಬೇಕಾದ ವಸ್ತುವಾದರೆ ಮೂರನೆಯದನ್ನು ಒಂದು ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೋ ಕೊಡಿ. ಹಾರ್ಡ್ ಡಿಸ್ಕೂ ಚಿರಂಜೀವಿಯಲ್ಲ. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸುವುದು ಒಳ್ಳೆಯದು. ಪ್ರತಿಮಾಡಿದ ಮೇಲೆ ಹಳೆಯ ತಟ್ಟೆಯನ್ನು ಎಸೆಯಬೇಡಿ. ಕ್ಯಾಸೆಟ್ಟುಗಳನ್ನು ಎಸೆದು ನಾವು ಕಳೆದುಕೊಂಡದ್ದು ಸಾಕಷ್ಟಿದೆ. ಒಂದು ಯಂತ್ರ ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ಆದ್ದರಿಂದ ಕೆಲಸಮಾಡುವ ಹಳೆಯ ಯಂತ್ರವೊಂದು ಮನೆಯಲ್ಲಿದ್ದರೆ ಅದನ್ನೂ ಗುಜರಿಗೆ ಹಾಕಬೇಡಿ.

ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರು, ಊರು, ಬರೆದು ಮುಗಿಸಿದ ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುತ್ತಿದ್ದರು. ನಮ್ಮ ಬೀರುಗಳಲ್ಲಿರುವ ತಟ್ಟೆಗಳ ಮೇಲೆ 'ಅಮ್ಮ', 'ಮದುವೆ 2' ಎಂದಷ್ಟೇ ಇರುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಯಾರ ಅಮ್ಮ, ಯಾರ ಮದುವೆ ಎಂದು ಹೇಳುವವರು ಇರುವುದಿಲ್ಲ. ಒಂದು ಕಾಗದದಲ್ಲಿ ಹಾಡಿದವರ ಹೆಸರು, ಹಾಡಿನ ಮೊದಲ ಮಾತು, ಧ್ವನಿ ಹಿಡಿದ ಊರು ಮತ್ತು ವರ್ಷ, ತಟ್ಟೆಗೆ ಏರಿಸಿದ ವರ್ಷ, ಯಾವ ಯಾವ ಕಡೆ ಪ್ರತಿಗಳಿವೆ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆ ಕಾಗದವನ್ನು ಪೆಟ್ಟಿಗೆಯ ಒಳಗೆ ಇಡಬೇಡಿ, ಕಾಗದ ತೇವವನ್ನು ಎಳೆದುಕೊಳ್ಳುತ್ತದೆ. ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಪಕ್ಕದಲ್ಲಿಡಿ. ತಟ್ಟೆಗಳು ಹತ್ತಾರು ಇದ್ದರೆ ಒಂದು ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿಮಾಡಿ, ಮುಂದಿನ ಪರೀಕ್ಷೆ ಯಾವ ವರ್ಷ ಎಂಬುದನ್ನು ಕೊನೆಯ ಅಂಕಣದಲ್ಲಿ ಈಗಲೇ ತುಂಬಿಬಿಡಿ.